ನಿಂದಾಸ್ತುತಿಗಳ ನಡುವೆ ಸಮಚಿತ್ತ

ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತನಗೆ ಪ್ರಿಯನಾದ ಭಕ್ತನ ಲಕ್ಷಣಗಳನ್ನು ಹೇಳುತ್ತ, ನಿಂದಾಸ್ತುತಿಗಳನ್ನು ಸಮನಾಗಿ ಕಾಣುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಇದು ಯತಿಗಳಿಗೆ ಮಾತ್ರ ಸಾಧ್ಯವೆಂದು ಗೃಹಸ್ಥರಾದ ನಾವು ಭಾವಿಸುವುದುಂಟು. ಆದರೆ ಈ ಗುಣದ ಪರೀಕ್ಷೆ ನಡೆಯುವುದು ಲೋಕವ್ಯವಹಾರದ ನಡುವೆಯೇ. ತನ್ನ ಸೋಲನ್ನು ಊರೆಲ್ಲ ಪತ್ರಿಕೆಯಲ್ಲಿ ಓದುತ್ತಿರುವಾಗಲೇ ಮತ್ತೆ ಅಭ್ಯಾಸಕ್ಕೆ ಹೊರಡಬೇಕಾದ ಕ್ರೀಡಾಪಟುವನ್ನು ನೆನೆದರೆ ಇದು ವಿಶದವಾಗುತ್ತದೆ.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರನ್ನೇ ನೋಡೋಣ. 2011ರಲ್ಲಿ ಭಾರತ ತಂಡವು ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಪಂದ್ಯಗಳನ್ನೂ ಸೋತಿತು. ಅಲ್ಲಿ ಮೂರು ಶತಕಗಳೊಡನೆ 461 ರನ್ ಗಳಿಸಿದ ದ್ರಾವಿಡರನ್ನು, ತಂಡವನ್ನು ಹಳಿದ ಲೇಖನಿಗಳೇ ಕೊಂಡಾಡಿದವು. ಕೆಲವೇ ತಿಂಗಳುಗಳ ಅನಂತರ ಆಸ್ಟ್ರೇಲಿಯದಲ್ಲಿ ಮತ್ತೆ ನಾಲ್ಕು ಪಂದ್ಯಗಳಲ್ಲಿಯೂ ಸೋಲೇ ಆಯಿತು. ಈ ಬಾರಿ ಎಂಟು ಇನ್ನಿಂಗ್ಸ್‌ಗಳಲ್ಲಿ ಅವರಿಗೆ ದೊರೆತದ್ದು 194 ರನ್. ಆರು ಸಲ ಬೌಲ್ಡ್ ಆದರು. ‘ಗೋಡೆ’ಯೆಂದು ಹೊಗಳಿದ್ದ ಲೋಕವೇ ಗೋಡೆ ಬಿರುಕು ಬಿಟ್ಟಿತೆಂದಿತು. ಮನುಷ್ಯ ಅವನೇ, ನಿಷ್ಠೆ ಅದೇ. ಮಾತು ಮಾತ್ರ ತಿರುಗಿತು. ಅವರು ವಾದಕ್ಕಿಳಿಯಲಿಲ್ಲ. 2012ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಕಿರಿಯರಿಗೆ ಎಡೆಮಾಡಿಕೊಡುವ ಕಾಲ ಬಂದಿದೆಯೆಂದು ತಿಳಿಸಿ ಶಾಂತವಾಗಿ ನಿವೃತ್ತರಾದರು.

ಹಾಗಾದರೆ ಸಮಚಿತ್ತವೆಂದರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದಿರುವುದೇ? ಹಾಗಲ್ಲ. ಜೀವನಿಗೆ ಕರ್ತೃತ್ವವುಂಟು, ಆದರೆ ಅದು ಶ್ರೀಹರಿಯ ಅಧೀನವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಗೆಲುವೆಲ್ಲ ತನ್ನದೆಂದು ಉಬ್ಬುವವನು ಸ್ವತಂತ್ರನಾದ ಹರಿಯನ್ನು ಮರೆಯುತ್ತಾನೆ. ಸೋತಾಗ ಎಲ್ಲವೂ ದೈವೇಚ್ಛೆಯೆಂದು ಕೈಕಟ್ಟಿ ಕೂರುವವನು, ಆ ಹರಿಯೇ ತನಗಿತ್ತ ಕರ್ತೃತ್ವವನ್ನು ಮರೆಯುತ್ತಾನೆ. ಆದಕಾರಣ ಸ್ತುತಿಯನ್ನು ಭಗವಂತನಿಗೆ ಅರ್ಪಿಸಬೇಕು. ನಿಂದೆಯನ್ನು ವಿವೇಕದಿಂದ ಶೋಧಿಸಬೇಕು. ನಿಂದಕರು ಇರಬೇಕೆಂದೇ ಶ್ರೀಪುರಂದರದಾಸರು ಹಾಡಿದರು. ನಮ್ಮ ಕೊಳೆ ನಮ್ಮ ಕಣ್ಣಿಗೆ ಕಾಣದಲ್ಲವೇ?

ಶೋಧಿಸಿದಾಗ ಎಲ್ಲ ನಿಂದೆಯೂ ಗ್ರಾಹ್ಯವಾಗದು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರನ್ನು ‘ಚೆಂಡು ತಿರುಗಿಸಲಾರದ ಸ್ಪಿನ್ನರ್’ ಎಂಬ ಟೀಕೆ ವರ್ಷಗಟ್ಟಲೆ ಹಿಂಬಾಲಿಸಿತು. ಅದನ್ನು ನಂಬಿ ಅವರು ತಮ್ಮ ವೇಗವನ್ನೂ ಪುಟಿತವನ್ನೂ ಬಿಟ್ಟಿದ್ದರೆ 619 ಟೆಸ್ಟ್ ವಿಕೆಟ್‌ಗಳು ಬರುತ್ತಿರಲಿಲ್ಲ. ಸ್ವಧರ್ಮವನ್ನು ಬಿಡಬಾರದೆಂಬ ಗೀತೋಪದೇಶ ಇಲ್ಲಿಯೂ ಸಲ್ಲುತ್ತದೆ. ಅವರ ನಾಯಕತ್ವದಲ್ಲಿ ತಂಡವು ಮೆಲ್ಬರ್ನ್ ಮತ್ತು ಸಿಡ್ನಿಗಳಲ್ಲಿ ಸೋತಾಗ, 2008ರ ಜನವರಿಯಲ್ಲಿ, ಅಂಪೈರರ ತೀರ್ಪುಗಳ ವಿವಾದದ ನಡುವೆ ಪ್ರವಾಸವನ್ನೇ ಕೈಬಿಟ್ಟು ಬರಬೇಕೆಂಬ ಕೂಗು ಇಲ್ಲಿ ಎದ್ದಿತು. ತಂಡ ಅಲ್ಲಿಯೇ ನಿಂತು, ಮುಂದಿನ ಪರ್ತ್ ಪಂದ್ಯವನ್ನು 72 ರನ್ನುಗಳಿಂದ ಗೆದ್ದಿತು. ಗೆಲ್ಲದಿದ್ದರೂ ಆಡಿದ್ದೇ ಧರ್ಮವಾಗಿರುತ್ತಿತ್ತು. ಫಲವು ನಮ್ಮ ಕೈಯಲ್ಲಿಲ್ಲ.

ಇಷ್ಟು ಹೇಳಿ ನಿಂದಿಸುವವರ ಧರ್ಮವನ್ನು ವಿಚಾರಿಸದಿರುವುದು ನ್ಯಾಯವಲ್ಲ. ಆಟದ ದೋಷವನ್ನು ತೋರಿಸುವುದು ವಿಮರ್ಶೆ; ಆಡಿದವನನ್ನು ಹೀಯಾಳಿಸುವುದು ವಾಚಿಕ ಪಾಪ. 2007ರ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ತಂಡ ಹೊರಬಿದ್ದಾಗ ಆಟಗಾರರ ಪ್ರತಿಕೃತಿಗಳನ್ನು ಸುಟ್ಟರು. ಅದರಿಂದ ಯಾವ ದೋಷ ತಿದ್ದಿತು? ಸತ್ಯವಾದ ಮಾತು ಪ್ರಿಯವೂ ಹಿತವೂ ಆಗಿರಬೇಕೆಂಬುದು ವಾಙ್ಮಯ ತಪಸ್ಸಿನ ನಿಯಮ. ಪತ್ರಿಕೆಗಳಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಜಯನಗರ, ಬನಶಂಕರಿಗಳ ಮನೆಗಳಲ್ಲಿ ಮಗುವಿನ ಅಂಕಗಳು ಎರಡು ಪರೀಕ್ಷೆಗಳಲ್ಲಿ ಇಳಿದರೆ ನಾವು ಆಡುವ ಮಾತು ಯಾವ ಜಾತಿಯದು? ಆ ಮಗುವಿಗೆ ದೊರೆಯುವ ಮೊದಲ ವರದಿಗಾರರು ನಾವೇ. ತಪ್ಪನ್ನು ತೋರಿಸೋಣ, ತಿದ್ದಲು ಜೊತೆಗೆ ಕೂರೋಣ. ಮಗುವನ್ನು ಮಾತ್ರ ಕೈಬಿಡದಿರೋಣ.

ಸ್ತುತಿಯಲ್ಲಿ ವಿನಯವನ್ನೂ ನಿಂದೆಯಲ್ಲಿ ವಿವೇಕವನ್ನೂ ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೆ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥