ಸೀಸೆಯೊಳಗಿನ ಮರಿ

ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನಲ್ಲಿ 1866ರಲ್ಲಿ ಮದ್ಯಸಾರದ ಸೀಸೆಗೆ ಸೇರಿದ ಒಂದು ಮರಿಯುಂಟು. ‘ಟಾಸ್ಮೇನಿಯದ ಹುಲಿ’ ಎಂದು ಅದರ ಜಾತಿಯ ಹೆಸರು. ಹುಲಿಗೂ ಅದಕ್ಕೂ ಬೆನ್ನ ಮೇಲಿನ ಪಟ್ಟೆಗಳಷ್ಟೇ ನಂಟು. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಯನ್ನು ಸಾಕುವ ಪ್ರಾಣಿ ಅದು. ಕುರಿ ತಿನ್ನುತ್ತದೆಂಬ ಆರೋಪ ಹೊರಿಸಿ 1888ರಿಂದ 1909ರವರೆಗೆ ಟಾಸ್ಮೇನಿಯದ ಸರ್ಕಾರ ಬೆಳೆದ ಪ್ರಾಣಿಯೊಂದಕ್ಕೆ ಒಂದು ಪೌಂಡಿನಂತೆ ಬಹುಮಾನ ಕೊಟ್ಟು ಕೊಲ್ಲಿಸಿತು. ಎರಡು ಸಾವಿರಕ್ಕೂ ಮಿಕ್ಕಿ ಬಹುಮಾನಗಳು ಸಂದವು. ಕೊಲ್ಲಬಾರದೆಂಬ ಕಾನೂನು ಬಂದದ್ದು 1936ರ ಜುಲೈಯಲ್ಲಿ. ಹೋಬಾರ್ಟಿನ ಮೃಗಾಲಯದಲ್ಲಿ ಉಳಿದಿದ್ದ ಕೊನೆಯದು ಸತ್ತದ್ದು ಅದೇ ಸೆಪ್ಟೆಂಬರಿನಲ್ಲಿ. ಸರ್ಕಾರಗಳ ಕರುಣೆ ಸಾಮಾನ್ಯವಾಗಿ ಇದೇ ಗಾಡಿಗೆ ಬರುತ್ತದೆ.

ಈ ಮರಿಯ ಮೈಯ ಕಣಕಣದಲ್ಲೂ ಅದರ ವಂಶದ ಬರಹವಿದೆ, ಅದನ್ನೇ ಡಿ.ಎನ್.ಎ. ಎನ್ನುವುದು. ಅದನ್ನು ಓದಬೇಕಾದರೆ ಮೈಯಿಂದ ಒಂದು ಚೂರನ್ನು ಕೊಯ್ದು ಕರಗಿಸಬೇಕು. ತಾಳೆಗರಿಯ ಗ್ರಂಥವನ್ನಾದರೆ ಓದಿ ಮತ್ತೆ ಕಟ್ಟಿಡಬಹುದು. ಇದು ಓದಿದಷ್ಟೂ ಸವೆಯುವ ಗ್ರಂಥ. ಹಾಗಾದರೆ ಓದುವ ಹಕ್ಕು ಯಾರದು? ಇಂದು ಕತ್ತರಿ ಹಿಡಿದು ನಿಂತಿರುವ ನಮ್ಮದೋ, ನಮಗಿಂತ ಚೆನ್ನಾಗಿ ಓದಬಲ್ಲ, ಇನ್ನೂ ಹುಟ್ಟದವರದೋ?

ಈಗಲೇ ಓದಿಬಿಡೋಣ ಎನ್ನುವವರ ವಾದ ಹಗುರವಾದದ್ದಲ್ಲ. ಮದ್ಯಸಾರ ಆವಿಯಾಗುತ್ತದೆ, ಸೀಸೆ ಒಡೆಯುತ್ತದೆ. ಮುಂದಿನವರ ಹೆಸರು ಹೇಳಿ ಬೀರುವಿಗೆ ಬೀಗ ಜಡಿದು ಕೂರುವುದು ಜಿಪುಣನ ಧರ್ಮ. ಆದರೆ ನಡೆದದ್ದನ್ನು ನೋಡಿ. 1999ರಲ್ಲಿ ಸಿಡ್ನಿಯವರು ಈ ಮರಿಯ ಬರಹದಿಂದ ಆ ಪ್ರಾಣಿಯನ್ನೇ ಮರಳಿ ಹುಟ್ಟಿಸುವೆವೆಂದು ಹೊರಟರು. ಸಿಕ್ಕಿದ್ದು ಹರಿದ ಹಾಳೆಗಳು. 2005ರಲ್ಲಿ ಕೆಲಸವನ್ನು ಕೈಬಿಟ್ಟರು. 2017ರಲ್ಲಿ ಮೆಲ್ಬರ್ನಿನ ಇನ್ನೊಂದು ಮರಿಯಿಂದ, ಅದೂ ನೂರು ವರ್ಷ ದಾಟಿದ್ದೇ, ಬಹುಮಟ್ಟಿಗೆ ಪೂರ್ತಿ ಬರಹವನ್ನು ಓದಿದರು. ಮರಿ ಬೇರೆ, ನಿಜ. ಆದರೆ ನಡುವೆ ಚೂರುಗಳನ್ನು ಜೋಡಿಸಿ ಓದುವ ವಿದ್ಯೆಯೂ ಬೆಳೆದಿತ್ತು.

ಫಾರ್ಮಲಿನ್ನಿನ ಕಥೆ ಇನ್ನೂ ವಿಚಿತ್ರ. 1893ರಲ್ಲಿ ಜರ್ಮನಿಯ ಫರ್ಡಿನಂಡ್ ಬ್ಲೂಮ್ ಅದರ ಗುಣವನ್ನು ತೋರಿಸಿಕೊಟ್ಟ ಮೇಲೆ ಮ್ಯೂಸಿಯಮ್ಮುಗಳು ಅದಕ್ಕೆ ಒಲಿದವು. ಮದ್ಯಸಾರದಲ್ಲಿ ಮೈ ಸುಕ್ಕುತ್ತದೆ. ಇದರಲ್ಲಿ ಆಕಾರ ಇದ್ದಂತೆ ನಿಲ್ಲುತ್ತದೆ. ಆದರೆ ಹಾಗೆ ನಿಲ್ಲಿಸುವ ಗುಣವೇ ಪ್ರೋಟೀನುಗಳನ್ನೂ ಡಿ.ಎನ್.ಎ.ಯನ್ನೂ ಒಂದಕ್ಕೊಂದು ಬೆಸೆಯುತ್ತದೆ. ಕಾಲಕ್ರಮದಲ್ಲಿ ಎಳೆಗಳು ತುಂಡಾಗುತ್ತವೆ. ರೂಪವನ್ನು ಉಳಿಸಿ ಬರಹವನ್ನು ಕೆಡಿಸಿದರು. ಅವರನ್ನು ದೂರುವಂತಿಲ್ಲ, ಅಲ್ಲೊಂದು ಬರಹವಿದೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಸಿಡ್ನಿಯ ಮರಿ ಮದ್ಯಸಾರಕ್ಕೆ ಬಿದ್ದದ್ದೂ ಯಾರ ದೂರದೃಷ್ಟಿಯಿಂದಲೂ ಅಲ್ಲ, ಆಗ ಫಾರ್ಮಲಿನ್ ಬಳಕೆಗೆ ಬಂದಿರಲಿಲ್ಲ, ಅಷ್ಟೆ. ಫಾರ್ಮಲಿನ್ನಿನ ಸೀಸೆಗಳು ಮೂಕವೆಂದೇ ಬಹುಕಾಲ ಎಣಿಸಿದ್ದರು. ಈಚೆಗೆ ಕ್ಷಾರದ್ರಾವಣದಲ್ಲಿ ಕಾಯಿಸಿ ಆ ಬೆಸುಗೆಯನ್ನು ಸಡಿಲಿಸುವ ಉಪಾಯ ಸಿಕ್ಕಿ, ಎಲ್ಲವೂ ಅಲ್ಲದಿದ್ದರೂ ಕೆಲವು ಬಾಯಿಬಿಟ್ಟಿವೆ. ನಿರುಪಯೋಗಿ ಎಂದು ಯಾರಾದರೂ ಎಸೆದಿದ್ದರೆ?

ಮರಳಿ ಹುಟ್ಟಿಸುವ ಮಾತು ನನಗೆ ಹಿಡಿಸದು. ಕೊಂದದ್ದನ್ನು ಸಾಲದ ಲೆಕ್ಕಕ್ಕೆ ಸೇರಿಸಿ, ತೀರಿಸಿ ಕೈತೊಳೆಯುವ ಆತುರ ಅದರಲ್ಲಿ ಕಾಣುತ್ತದೆ. ಆ ಪ್ರಾಣಿ ಹೇಗೆ ಬಾಳಿತು, ಏಕೆ ದುರ್ಬಲವಾಯಿತು ಎಂದು ತಿಳಿಯಬಯಸುವವನಿಗಾದರೆ ಒಂದು ಚೂರು ಕೊಡಬಹುದು. ಕೊಡುವಾಗ ಅವನು ಏನು ಕೇಳಲು ಬಂದ, ಎಷ್ಟು ಕೊಯ್ದ, ಏನು ಸಿಕ್ಕಿತು, ಏನು ಸಿಕ್ಕಲಿಲ್ಲ ಎಂಬುದನ್ನೆಲ್ಲ ಬರೆಸಿಕೊಂಡು ಆ ಹಾಳೆಯನ್ನು ಸೀಸೆಯ ಪಕ್ಕದಲ್ಲೇ ಇಡಲಿ. ಉಳಿದ ಮರಿ ಸೀಸೆಯಲ್ಲಿರಲಿ.