ಐದನೇ ತಿಂಗಳಲ್ಲಿ ಗರ್ಭ ಹೋದರೆ ಸೂತಕ ಎಷ್ಟು ದಿನ?

ಪ್ರಶ್ನೆ: ನಾವು ರಾಯಚೂರಿನಲ್ಲಿರುವವರು, ಮೂಲ ಊರು ದೇವದುರ್ಗ. ಸೊಸೆಯ ತವರು ಮಾನ್ವಿ. ಹೋದ ತಿಂಗಳು ಅವಳಿಗೆ ಐದು ತಿಂಗಳ ಗರ್ಭ ಹೋಯಿತು. ಸೂತಕ ಎಷ್ಟು ದಿನ, ಶ್ರಾದ್ಧ ಮಾಡಬೇಕೋ ಬೇಡವೋ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಮಾವಾಸ್ಯೆ ದಿನ ಬಸ್ಸಿನಲ್ಲಿ ತವರಿಗೆ ಹೋದದ್ದೇ ಕಾರಣ ಅಂತ ಊರಿನ ಹಿರಿಯರು ಅಂತಾರ. ಜೀವ ಬರೋದೇ ಏಳನೇ ತಿಂಗಳಿಗೆ, ಇಷ್ಟಕ್ಕೆ ಯಾಕ ಅಳಬೇಕು ಅಂತಲೂ ಅಂತಾರ. ಸೊಸೆ ಸರಿಯಾಗಿ ಉಣ್ಣುತ್ತಿಲ್ಲ, ಮಾತಾಡುತ್ತಿಲ್ಲ. ಅತ್ತೆಯಾಗಿ ನಾನು ಏನು ಮಾಡಬೇಕು?
– ಹೆಸರು ಬೇಡ, ರಾಯಚೂರು

ಉತ್ತರ: ತಾಯಿ, ನೀವು ಕೇಳಿದ ಕ್ರಮದಲ್ಲೇ ಹೇಳುತ್ತೇನೆ. ಇದೇ ಸಂಕಟ ಕಂಡ ಬೇರೆ ಮನೆಯವರೂ ಓದಿಕೊಳ್ಳಲಿ.

ನಾಲ್ಕು ತಿಂಗಳೊಳಗೆ ಗರ್ಭ ಹೋದರೆ ಅದು ಸ್ರಾವ, ಐದು-ಆರನೇ ತಿಂಗಳಲ್ಲಾದರೆ ಪಾತ, ಅದರಾಚೆಗೆ ಪ್ರಸವ ಎಂದು ಪರಾಶರ ಸ್ಮೃತಿ ವಿಂಗಡಿಸಿದೆ. ಗರ್ಭ ಎಷ್ಟು ತಿಂಗಳದ್ದೋ ತಾಯಿಗೆ ಅಷ್ಟು ರಾತ್ರಿಯ ಆಶೌಚ ಎಂಬ ಮಾತು ಮನುಸ್ಮೃತಿಯಲ್ಲೂ ಇದೆ. ಹಾಗಾಗಿ ನಿಮ್ಮ ಸೊಸೆಗೆ ಐದು ದಿನ. ತಂದೆಗೂ ಮನೆಯವರಿಗೂ ಮೂರು ದಿನ ಹಿಡಿಯುವ ರೂಢಿ ಇದೆ. ಏಳನೇ ತಿಂಗಳಿಂದಾಚೆಗೆ ಪೂರ್ತಿ ಹತ್ತು ದಿನ. ನಿಮ್ಮಲ್ಲಿ ಈಗಾಗಲೇ ತಿಂಗಳು ಕಳೆದಿದೆ, ಸೂತಕ ಮುಗಿದಿದೆ. ಅವಳು ದೇವರ ಮನೆಗೆ ಹೋಗಲಿ, ದೀಪ ಹಚ್ಚಲಿ. ಯಾರೂ ತಡೆಯಬೇಕಾಗಿಲ್ಲ.

ಆದರೆ ಸೂತಕ ಮುಗಿಯಿತೆಂದರೆ ಮೈ ಚೇತರಿಸಿತು ಎಂದು ತಿಳಿಯಬೇಡಿ. ಆ ದಿನಗಳಲ್ಲಿ ಹೆಣ್ಣುಮಗಳನ್ನು ಒಲೆಯ ಮುಂದೆ ಕೂಡಿಸುವಂತಿರಲಿಲ್ಲ, ನೀರು ಹೊರಿಸುವಂತಿರಲಿಲ್ಲ. ಮೈಲಿಗೆ ಎಂಬ ಹೆಸರಿನಲ್ಲಿ ಅವಳಿಗೆ ಸಿಕ್ಕಿದ್ದು ವಿಶ್ರಾಂತಿ. ಕಾನೂನು ದುಡಿಯುವ ಹೆಂಗಸಿಗೆ ಗರ್ಭ ಹೋದರೆ ಆರು ವಾರ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ. ಕಚೇರಿಯೇ ಆರು ವಾರ ಬಿಡಬೇಕೆಂದಾಗ ಮನೆ ಅದಕ್ಕಿಂತ ಕಡಿಮೆ ಬಿಟ್ಟರೆ ಹೇಗೆ?

ಶ್ರಾದ್ಧ, ಪಿಂಡ, ತರ್ಪಣ ಬೇಕಿಲ್ಲ. ಶ್ರಾದ್ಧದಲ್ಲಿ ಹೆಸರು, ಗೋತ್ರ ಹೇಳಿ ಕರೆಯಬೇಕು. ನಾಮಕರಣವೇ ಆಗದ ಕೂಸನ್ನು ಹಾಗೆ ಕರೆಯುವಂತಿಲ್ಲ. ಎರಡು ವರ್ಷ ತುಂಬದ ಮಗುವಿಗೂ ದಹನ, ತರ್ಪಣ ಇಲ್ಲದೆ ಮಣ್ಣು ಮಾಡುವುದೇ ಕ್ರಮ. ಆ ಜೀವಕ್ಕೆ ನಮ್ಮಿಂದ ಯಾವ ಬಾಕಿಯೂ ಉಳಿದಿಲ್ಲ ಎಂದೇ ಇದರ ಅರ್ಥ. ಕ್ರಿಯೆ ಇಲ್ಲವೆಂದ ಶಾಸ್ತ್ರ, ಅಳಬಾರದು ಎಂದು ತಾಯಿಗೆ ಹೇಳಿಲ್ಲ.

ಇನ್ನು ಜೀವ ಯಾವಾಗ ಬರುತ್ತದೆ ಎಂಬ ಮಾತು. ನಿಮ್ಮ ಹಿರಿಯರ ಮಾತಿಗೆ ಆಧಾರ ಇಲ್ಲದಿಲ್ಲ. ಗರ್ಭೋಪನಿಷತ್ತು ಏಳನೇ ತಿಂಗಳಲ್ಲಿ ಜೀವ ಕೂಡುತ್ತದೆ ಎನ್ನುತ್ತದೆ. ಆದರೆ ಭಾಗವತದ ಮೂರನೇ ಸ್ಕಂಧದಲ್ಲಿ ಕಪಿಲ ಮುನಿ ತಾಯಿ ದೇವಹೂತಿಗೆ ಹೇಳುವಾಗ, ಜೀವ ಬೀಜದ ಜೊತೆಯಲ್ಲೇ ಗರ್ಭವನ್ನು ಸೇರುತ್ತದೆ. ಏಳನೇ ತಿಂಗಳಿಂದ ಅದಕ್ಕೆ ಅರಿವು ಮೂಡುತ್ತದೆ. ಸುಶ್ರುತನು ನಾಲ್ಕನೇ ತಿಂಗಳಲ್ಲಿ ಕೂಸಿನ ಹೃದಯ ವ್ಯಕ್ತವಾಗುತ್ತದೆ ಎಂದು ಹೇಳಿ, ಬಸುರಿಯನ್ನು ಎರಡು ಹೃದಯದವಳು, ದೌಹೃದಿನಿ ಎಂದು ಕರೆದ. ಬಸುರಿಯ ಬಯಕೆ ತೀರಿಸಬೇಕು ಎನ್ನುವುದು ಅದಕ್ಕೇ. ಇಂದು ಸ್ಕ್ಯಾನಿಂಗ್‌ನಲ್ಲಿ, ಕೊನೆಯ ಮುಟ್ಟಿನಿಂದ ಎಣಿಸಿದರೆ ಆರನೇ ವಾರದ ಹೊತ್ತಿಗೇ ಹೃದಯದ ಮಿಡಿತ ಕಾಣುತ್ತದೆ. ಚೊಚ್ಚಲ ಬಸುರಿಗೆ 18ರಿಂದ 20 ವಾರದ ಸುಮಾರಿಗೆ ಕೂಸು ಮಿಸುಕಾಡುವುದು ತಿಳಿಯುತ್ತದೆ. ಅಂದರೆ ಐದನೇ ತಿಂಗಳು. ನಿಮ್ಮ ಸೊಸೆ ಅಳುತ್ತಿರುವುದು ಲೆಕ್ಕದ ತಿಂಗಳಿಗಲ್ಲ ತಾಯಿ, ಹೊಟ್ಟೆಯಲ್ಲಿ ಮಿಸುಕಿದ್ದು ನಿಂತುಹೋಯಿತಲ್ಲ ಅಂತ. ಜೀವ ಯಾವ ದಿನ ಬಂತು ಎಂಬುದನ್ನು ಪಂಡಿತರು ಚರ್ಚಿಸಲಿ; ಅದು ತೀರ್ಮಾನವಾಗುವವರೆಗೆ ಅವಳ ಕಣ್ಣೀರು ಕಾಯಬೇಕಿಲ್ಲ.

ಈಗ ಕಾರಣದ ಮಾತು. ಗರ್ಭ ನಿಲ್ಲಲು ಋತು, ಕ್ಷೇತ್ರ, ನೀರು, ಬೀಜ ಎಂಬ ನಾಲ್ಕೂ ಕೂಡಬೇಕು ಎಂದು ಸುಶ್ರುತ ಹೇಳಿದ್ದಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಮಾನ್ವಿ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕೇ? ಸಸಿ ಏಳದಿದ್ದರೆ ಅವನು ಬರೀ ಹೊಲವನ್ನು ಬೈಯುವುದಿಲ್ಲ. ಬೀಜ ನೋಡುತ್ತಾನೆ, ನೀರು ನೋಡುತ್ತಾನೆ. ನಾವು ಮಾತ್ರ ಮನೆಯಲ್ಲಿ ಹೊಲವನ್ನೇ ಬೈಯುತ್ತೇವೆ. ಕೂಸಿಗೆ ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳು ಬರುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಈ ಕೂಡಿಕೆಯಲ್ಲಾದ ವ್ಯತ್ಯಾಸವೇ ಕಾರಣ. ಐದನೇ ತಿಂಗಳಲ್ಲಾದರೆ ಗರ್ಭದ್ವಾರ ಬಲಹೀನವಾಗಿರುವುದು, ಸೋಂಕು, ಮಾಸಿನ ತೊಂದರೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇಂಥವೂ ಕಾರಣವಾಗಬಹುದು. ಇವುಗಳಲ್ಲಿ ಹಲವಕ್ಕೆ ಮುಂದಿನ ಸಲ ಮೊದಲೇ ಉಪಾಯ ಮಾಡಬಹುದು. ಗಂಡ-ಹೆಂಡತಿ ಇಬ್ಬರೂ ವೈದ್ಯರ ಹತ್ತಿರ ಹೋಗಲಿ. ಸೋದರ ಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಲಿ. ಅಮಾವಾಸ್ಯೆಯಿಂದಾಗಲಿ ಬಸ್ಸಿನ ಪ್ರಯಾಣದಿಂದಾಗಲಿ ಗರ್ಭ ಹೋಗುವುದಿಲ್ಲ. ಹಾಗೆ ನಂಬಿಸಿದರೆ ನಿಜವಾದ ಕಾರಣ ಹುಡುಕುವುದೇ ತಪ್ಪಿಹೋಗುತ್ತದೆ, ಮತ್ತೊಂದು ಗರ್ಭಕ್ಕೂ ಅದೇ ಗತಿ ಆದೀತು.

"ಕರ್ಮ ಇಲ್ಲವೇ ಹಾಗಾದರೆ?" ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಕರ್ಮ ಸಿದ್ಧಾಂತ ನಮ್ಮ ನಮ್ಮ ನಡತೆ ತಿದ್ದಿಕೊಳ್ಳಲು ಕೊಟ್ಟದ್ದು. ದುಃಖದಲ್ಲಿರುವ ಇನ್ನೊಬ್ಬರ ಲೆಕ್ಕಪತ್ರ ಓದುವ ಅಧಿಕಾರ ನಮಗಿಲ್ಲ.

ಮನೆಯಲ್ಲಿ ಏನು ಮಾಡಬಹುದು? ಅವಳಿಗೆ ಇಷ್ಟವಿದ್ದರೆ ಕೂಸಿನ ನೆನಪಿಗೆ ಒಂದು ತುಪ್ಪದ ದೀಪ ಹಚ್ಚಿ, ನಾಲ್ಕು ಮಕ್ಕಳಿಗೆ ಊಟ ಹಾಕಿ, ಕೃಷ್ಣಾರ್ಪಣ ಅನ್ನಿ. ಇದು ಕಡ್ಡಾಯವಲ್ಲ, ಆದರೆ ನಿಷೇಧವೂ ಇಲ್ಲ. ನೆಂಟರ ಮನೆಯ ಕುಬಸಕ್ಕೆ, ಉಡಿ ತುಂಬುವುದಕ್ಕೆ ಅವಳನ್ನು ಕರೆಯದೆ ಬಿಡಬೇಡಿ. ಬರಲು ಮನಸ್ಸಿಲ್ಲ ಅಂದರೆ ಒತ್ತಾಯವನ್ನೂ ಮಾಡಬೇಡಿ. ಮಗನಿಗೂ ಹೇಳಿ, ಅವನೂ ಕಳೆದುಕೊಂಡಿದ್ದಾನೆ. ತಿಂಗಳಾದರೂ ಸೊಸೆ ಉಣ್ಣುತ್ತಿಲ್ಲ ಅಂತೀರಿ, ವೈದ್ಯರಿಗೆ ಅದನ್ನೂ ತಿಳಿಸಿ, ಮನಸ್ಸಿಗೂ ಔಷಧವಿದೆ.

ನಿಮ್ಮ ಎರಡು ಊರುಗಳ ಕಥೆ ನಿಮಗೆ ಗೊತ್ತೇ ಇದೆ. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಉದರಶೂಲೆಯಿಂದ ಬಳಲಿ ಬಂದ ಶ್ರೀನಿವಾಸಾಚಾರ್ಯರಿಗೆ ತಮ್ಮ ಆಯುಷ್ಯದಲ್ಲೇ 40 ವರ್ಷ ದಾನ ಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ಆ ಆಚಾರ್ಯರೇ ಮುಂದೆ ಮಾನ್ವಿಯ ಜಗನ್ನಾಥದಾಸರಾದದ್ದು. ನೋವಿನಲ್ಲಿ ಬಂದವರನ್ನು ಗೋಪಾಲದಾಸರು "ಇದು ಯಾಕೆ ಬಂತು, ಎಲ್ಲಿಗೆ ಹೋಗಿದ್ದೆ?" ಎಂದು ಅಂದು ಆಡಿ ಕಳಿಸಲಿಲ್ಲ, ತಮ್ಮದನ್ನೇ ಕೊಟ್ಟರು. ವರ್ಷಗಳನ್ನು ಕೊಡುವ ಶಕ್ತಿ ನಮಗಿಲ್ಲ. ದಿನಕ್ಕೆ ಒಂದು ಗಳಿಗೆ ಸೊಸೆಯ ಪಕ್ಕದಲ್ಲಿ ಕೂತು, ಅವಳು ಹೇಳಿದಷ್ಟನ್ನು ಕೇಳುವುದು ಆದೀತಲ್ಲ? ನೀವು ಕೇಳಿದ ವಿಧಿ ಅದೇ ತಾಯಿ. ಇಂದೇ ಆರಂಭಿಸಿ.