ಗುಜರಿಯ ಆಕ್ಸಲ್ ಮತ್ತು ನ್ಯಾಯವಾದ ಬೆಲೆ

ಭಗವಾನ್ ಆದಿನಾಥರು ಪ್ರಜೆಗಳಿಗೆ ಉಪದೇಶಿಸಿದ ಷಟ್ಕರ್ಮಗಳಲ್ಲಿ ವಾಣಿಜ್ಯವೂ ಒಂದೆಂದು ಆದಿಪುರಾಣವು ಹೇಳುತ್ತದೆ. ಆದುದರಿಂದ ಕೊಳ್ಳುವುದು, ಮಾರುವುದು ಶ್ರಾವಕನಿಗೆ ನಿಷಿದ್ಧವಲ್ಲ. ಅಕ್ಕಿ, ಬಟ್ಟೆ, ಬಂಗಾರಗಳ ಬೆಲೆಯನ್ನು ಪೇಟೆಯೇ ಹೇಳುತ್ತದೆ. ಅಲ್ಲಿ ನಮ್ಮ ವಿವೇಕಕ್ಕೆ ಹೆಚ್ಚಿನ ಕೆಲಸವಿಲ್ಲ. ಆದರೆ ಹತ್ತಾರು ವರ್ಷ ಭಾರ ಹೊತ್ತು ಕಳಚಿಟ್ಟ ಲಾರಿಯ ಹಿಂಬದಿಯ ಆಕ್ಸಲ್‌ಗೆ ಬೆಲೆ ಕಟ್ಟುವವರು ಯಾರು? ಅದರ ಗುಣವೂ ದೋಷವೂ ಕಬ್ಬಿಣದ ಕವಚದೊಳಗೆ ಅಡಗಿರುತ್ತವೆ. ಬಲ್ಲವನು ಒಬ್ಬ, ಹಣ ಕೊಡುವವನು ಇನ್ನೊಬ್ಬ. ಇಂತಹ ವಸ್ತುವಿನ ನ್ಯಾಯವಾದ ಬೆಲೆ ಯಾವುದೆಂಬುದು ವಿಚಾರಣೀಯವಾದ ಪ್ರಶ್ನೆ.

ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗಾಡಿಗಳನ್ನೂ ಅವುಗಳ ಅಂಗಗಳನ್ನೂ ಮಾಡಿ ಮಾರುವ ಶಕಟ ಜೀವಿಕೆಯನ್ನು ವರ್ಜ್ಯವಾದ ಹದಿನೈದು ವೃತ್ತಿಗಳಲ್ಲಿ ಸೇರಿಸಿದ್ದಾರೆ, ಆದ್ದರಿಂದ ಈ ಚರ್ಚೆಯೇ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಅವರ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ಬಂದದ್ದೂ ಲಾರಿಯಲ್ಲಿಯೇ. ನಮ್ಮ ಎಷ್ಟೋ ಕುಟುಂಬಗಳು ಇದೇ ವೃತ್ತಿಯಲ್ಲಿವೆ.

ಹಳೆಯ ಆಕ್ಸಲ್‌ಗೆ ಎರಡು ಗಡಿಗಳುಂಟು. ಮೇಲಿನದು ಹೊಸ ಆಕ್ಸಲ್‌ನ ಬೆಲೆ; ಕೆಳಗಿನದು ಕರಗಿಸುವ ಕಬ್ಬಿಣದ ತೂಕದ ಬೆಲೆ. ಇವೆರಡರ ನಡುವಿನ ಅಂತರವೆಲ್ಲ ಜ್ಞಾನದ ಬೆಲೆಯೇ. ಅನುಭವಿಯಾದ ಮೇಸ್ತ್ರಿಯು ಮೊದಲು ಕೆಳಗಿನ ಬಿರಡೆ ತೆಗೆದು ಎಣ್ಣೆಯನ್ನು ನೋಡುತ್ತಾನೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆರಳಿಗೆ ಲೋಹದ ಚೂರು ತಾಗಿದರೆ ಒಳಗೆ ಹಲ್ಲು ಸವೆಯುತ್ತಿದೆ. ಪಿನಿಯನ್ನನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ, ಕ್ರೌನ್ ಚಕ್ರ ಅಲುಗುವ ಮುನ್ನ ಎಷ್ಟು ಸಡಿಲವಿದೆಯೆಂದು ಅಳೆಯುತ್ತಾನೆ. ಹಲ್ಲುಗಳನ್ನು ಎಣಿಸುತ್ತಾನೆ: ಕ್ರೌನ್‌ಗೆ 41, ಪಿನಿಯನ್‌ಗೆ 7 ಇದ್ದರೆ ಅನುಪಾತ 5.857, ಕೊಳ್ಳುವವನ ಲಾರಿಗೆ ಬೇರೆ ಅನುಪಾತ ಬೇಕಿದ್ದರೆ ಅತ್ಯುತ್ತಮವಾದ ಆಕ್ಸಲ್ ಕೂಡ ಅವನಿಗೆ ನಿರುಪಯೋಗಿ. ಶಾಫ್ಟಿನ ತುದಿಯ ಗೀರುಗಳು ತಿರುಚಿವೆಯೇ, ಸ್ಪ್ರಿಂಗ್ ಕೂರುವ ಜಾಗದಲ್ಲಿ ಬಿರುಕಿದೆಯೇ, ಹೊಸ ಬಣ್ಣದ ಕೆಳಗೆ ಹಳೆಯ ಬೆಸುಗೆ ಇದೆಯೇ ಎಂದು ಪರೀಕ್ಷಿಸುತ್ತಾನೆ. ಆದರೂ ಒಂದು ಸಂಗತಿ ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ: ಆ ಆಕ್ಸಲ್ ಎಷ್ಟು ಅತಿಭಾರವನ್ನು ಎಷ್ಟು ವರ್ಷ ಹೊತ್ತಿತೆಂಬುದು. ನಾಲ್ಕು ಟೈರುಗಳ ಒಂಟಿ ಆಕ್ಸಲ್‌ನ ಭಾರದ ಮಿತಿಯನ್ನು ಕೇಂದ್ರ ಸರಕಾರವು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಹಳೆಯ ಮಿತಿಗೆಂದು ತಯಾರಾದ ಆಕ್ಸಲ್ ಇಂದು ಕೈ ಬದಲಾಯಿಸುವಾಗ ಅದರ ಕಾಲವನ್ನೂ ಚರಿತ್ರೆಯನ್ನೂ ತಿಳಿಸಬಲ್ಲವನು ಮಾರುವವನೊಬ್ಬನೇ.

ಈ ವಿಷಯ ನನ್ನ ಮನಸ್ಸಿಗೆ ಹತ್ತಿದ್ದು ನಮ್ಮ ಮನೆಯ ಎರಡು ಘಟನೆಗಳಿಂದ. 1996ರಲ್ಲಿ ನನ್ನ ತಮ್ಮನು ತನ್ನ ಲಾರಿಗೆ ಗುಜರಿ ವ್ಯಾಪಾರಿಯೊಬ್ಬನಿಂದ 16,000 ರೂಪಾಯಿಗೆ ಆಕ್ಸಲ್ ಕೊಂಡನು. ಎಣ್ಣೆ ಶುದ್ಧವಾಗಿತ್ತು, ಹಲ್ಲುಗಳು ಚೆನ್ನಾಗಿದ್ದವು, ಮೇಲೆ ಕಪ್ಪು ಬಣ್ಣ ಮಿರುಗುತ್ತಿತ್ತು. ನಾಲ್ಕನೆಯ ತಿಂಗಳಿನಲ್ಲಿ ಭತ್ತದ ಹೊರೆಯೊಡನೆ ಏರು ಹತ್ತುವಾಗ ಹೌಸಿಂಗ್ ಬಿರಿಯಿತು. ಲಾರಿ ಹಿಂದಕ್ಕೆ ಜಾರಿ ಧರೆಗೆ ಒರಗಿದ್ದರಿಂದ ಚಾಲಕನು ಬದುಕಿದನು. ಬಿರಿದ ಜಾಗದಲ್ಲಿ ಹಳೆಯ ಬೆಸುಗೆ ಸ್ಪಷ್ಟವಾಗಿ ಕಾಣುತ್ತಿತ್ತು. ವ್ಯಾಪಾರಿಯನ್ನು ಕೇಳಿದಾಗ ಅವನು, “ನೀವು ಕೇಳಲಿಲ್ಲ, ನಾನು ಸುಳ್ಳು ಹೇಳಲಿಲ್ಲ” ಎಂದನು.

ಕಾನೂನಿನ ದೃಷ್ಟಿಯಲ್ಲಿ ಅವನ ಮಾತು ಪೂರ್ಣವಾಗಿ ನಿರಾಧಾರವಾಗಿರಲಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಲ್ಲಿ ಕುದುರೆಯ ಉದಾಹರಣೆಯೊಂದಿದೆ. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ದೋಷವನ್ನು ಹೇಳದೆ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ ಹೇಳುವುದು ಅವನ ಕರ್ತವ್ಯವಾಗುತ್ತದೆ! ಮಗಳಿಗೆ ಸಲ್ಲುವ ಸತ್ಯವು ಪರರಿಗೆ ಏಕೆ ಸಲ್ಲಬಾರದೆಂದು ಶ್ರಾವಕನು ಕೇಳದಿರಲಾರನು. ಬೆಲೆಯನ್ನು ಮೊದಲೇ ಗೊತ್ತುಮಾಡದಿದ್ದರೆ ಯುಕ್ತವಾದ ಬೆಲೆ ಕೊಡಬೇಕೆಂದು 1930ರ ಸರಕು ಮಾರಾಟ ಅಧಿನಿಯಮವು ಹೇಳಿ, ಯುಕ್ತವಾದದ್ದು ಯಾವುದೆಂಬುದನ್ನು ಆಯಾ ಸಂದರ್ಭಕ್ಕೆ ಬಿಟ್ಟಿದೆ. ಅಧಿನಿಯಮವು ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಎರಡನೆಯ ಘಟನೆ ನಡೆದದ್ದು 1998ರಲ್ಲಿ. ನೆರೆಯೂರಿನ ಲಾರಿ ಮಾಲೀಕನೊಬ್ಬನು ಅಕಾಲದಲ್ಲಿ ತೀರಿಕೊಂಡನು. ಲಾರಿಯನ್ನು ಸಾಲಗಾರರು ಒಯ್ದರು. ಹಿತ್ತಲ ಕೊಟ್ಟಿಗೆಯಲ್ಲಿದ್ದ ಒಂದು ಆಕ್ಸಲ್ಲನ್ನೂ ಒಂದು ಗೇರ್‌ಬಾಕ್ಸನ್ನೂ ಅವನ ಪತ್ನಿಯು ಕಬ್ಬಿಣದ ತೂಕಕ್ಕೆ ಮಾರಲು ನಿಶ್ಚಯಿಸಿದಳು. ಆ ಆಕ್ಸಲ್‌ಗೆ ಕೆಲವೇ ತಿಂಗಳ ಹಿಂದೆ ಹೊಸ ಕ್ರೌನ್ ಪಿನಿಯನ್ ಕೂರಿಸಿದ್ದನ್ನು ನನ್ನ ತಮ್ಮನು ಅದೇ ವರ್ಕ್‌ಶಾಪಿನಲ್ಲಿ ಕಣ್ಣಾರೆ ಕಂಡಿದ್ದನು. ಅವನು ಆಕ್ಸಲ್‌ಗೆ 4,500 ರೂಪಾಯಿ ಕೊಟ್ಟು ತಂದನು. ಆಕೆ ಕೇಳಲಿಲ್ಲ, ಇವನು ಸುಳ್ಳು ಹೇಳಲಿಲ್ಲ. ರಾತ್ರಿಯಾಗುವ ಮುನ್ನ ಊಟಕ್ಕೆ ಕುಳಿತಾಗ ತನ್ನ ಚಾತುರ್ಯವನ್ನು ಅವನು ಬಣ್ಣಿಸುತ್ತಿದ್ದನು. ನಾನೂ ನಗುತ್ತಿದ್ದೆನೆಂಬುದನ್ನು ಮರೆಮಾಚಲಾರೆ. ಬಡಿಸುತ್ತಿದ್ದ ಅಮ್ಮನು, “ಅವಳಿಗೆ ತಿಳಿದಿದ್ದರೆ ಆ ಬೆಲೆಗೆ ಕೊಡುತ್ತಿದ್ದಳೇನಪ್ಪಾ?” ಎಂದಷ್ಟೇ ಕೇಳಿದಳು.

ಅಮ್ಮನಿಗೆ ಶಾಸ್ತ್ರದ ಪರಿಭಾಷೆ ಅಷ್ಟಾಗಿ ತಿಳಿದಿರಲಿಲ್ಲ. ಆದರೆ ಆ ಪ್ರಶ್ನೆ ಅಚೌರ್ಯಾಣುವ್ರತದ ಮರ್ಮವನ್ನೇ ಮುಟ್ಟುತ್ತದೆ. ಕೊಡದಿರುವುದನ್ನು ತೆಗೆದುಕೊಳ್ಳುವ ಅದತ್ತಾದಾನವೇ ಚೌರ್ಯ. ಹಾಗಾದರೆ ಅರಿಯದೆ ಕೊಟ್ಟದ್ದು ‘ದತ್ತ’ವೇ? ಆಕೆ ಕೊಟ್ಟದ್ದು ಹಳೆಯ ಕಬ್ಬಿಣವನ್ನು. ಹೊಸ ಕ್ರೌನ್ ಪಿನಿಯನ್ನನ್ನು ಆಕೆ ಕೊಡಲೇ ಇಲ್ಲ, ಏಕೆಂದರೆ ಅದು ತನ್ನಲ್ಲಿದೆಯೆಂಬುದೇ ಆಕೆಗೆ ತಿಳಿದಿರಲಿಲ್ಲ. ನಾವು ಗುಜರಿ ವ್ಯಾಪಾರಿಗೆ ಕೊಟ್ಟದ್ದೂ ಗಟ್ಟಿಯಾದ ಆಕ್ಸಲ್‌ನ ಬೆಲೆಯನ್ನು. ಬಿರುಕಿಗೆ ನಾವು ಹಣ ಕೊಡಲಿಲ್ಲ. ಈ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ನಕಲಿಯನ್ನು ಅಸಲಿಯೆಂದು ಮಾರುವುದನ್ನು, ಎಲ್ಲರೂ ಬಲ್ಲರು. ವಿರುದ್ಧರಾಜ್ಯಾತಿಕ್ರಮವನ್ನು ನೆನೆಯುವವರು ವಿರಳ. ರಾಜ್ಯವು ಅಸ್ತವ್ಯಸ್ತವಾದಾಗ ಹೆಚ್ಚಿನ ಬೆಲೆಯ ವಸ್ತುಗಳನ್ನು ಅಲ್ಪಮೂಲ್ಯಕ್ಕೆ ಪಡೆಯುವ ಪ್ರಯತ್ನವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಅತಿಚಾರದ ಅಡಿಯಲ್ಲಿ ವಿವರಿಸುತ್ತಾರೆ. ರಾಜ್ಯ ಕೆಟ್ಟಾಗ ಸಲ್ಲದ್ದು ಮನೆಯೊಂದು ಕೆಟ್ಟಾಗ ಸಲ್ಲುವುದೇ?

ಆದರೂ ಅಮ್ಮನ ಪ್ರಶ್ನೆಯನ್ನು ಎಲ್ಲೆಡೆಯೂ ಅನ್ವಯಿಸಿದರೆ ವ್ಯಾಪಾರವೇ ನಿಲ್ಲುತ್ತದೆ. ಹುಬ್ಬಳ್ಳಿಯಲ್ಲಿ ಅಗ್ಗವಾಗಿ ಸಿಗುವುದಕ್ಕೆ ಬೆಂಗಳೂರಿನಲ್ಲಿ ಗಿರಾಕಿ ಇದ್ದಾನೆಂದು ಬಲ್ಲವನು ಆ ಅರಿವಿನಿಂದಲೇ ಬದುಕುತ್ತಾನೆ. ಅದಕ್ಕಾಗಿ ಅವನು ಅಲೆದಿದ್ದಾನೆ, ನಷ್ಟವನ್ನೂ ಉಂಡಿದ್ದಾನೆ. ಪೇಟೆಯನ್ನು ಕುರಿತ ಇಂತಹ ತಿಳಿವಳಿಕೆಯನ್ನು ಬಚ್ಚಿಟ್ಟುಕೊಳ್ಳುವುದು ದೋಷವಲ್ಲವೆಂದು ನನ್ನ ಅಭಿಪ್ರಾಯ. ಮುಂದಿಟ್ಟ ವಸ್ತುವನ್ನೇ ಕುರಿತ ತಿಳಿವಳಿಕೆ ಬೇರೆ ಜಾತಿಯದು. ಅದು ವಸ್ತುವಿನೊಡನೆಯೇ ಹೋಗಬೇಕು. ಬಸದಿಯ ಟ್ರಸ್ಟ್‌ಗಳು ಹಳೆಯ ಜನರೇಟರನ್ನೋ ವಾಹನವನ್ನೋ ಹರಾಜು ಹಾಕುವಾಗ ‘ಇದ್ದ ಸ್ಥಿತಿಯಲ್ಲಿ’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ಕಂಡಿದ್ದೇನೆ. ಸ್ಥಿತಿ ಏನೆಂದು ಇನ್ನೆರಡು ಸಾಲು ಬರೆದರೆ ದೇವದ್ರವ್ಯಕ್ಕೆ ಒಂದಿಷ್ಟು ಕೊರತೆಯಾದೀತು, ಆಗಲಿ.

ಮೂರು ದಿನ ತಮ್ಮನು ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ನಾಲ್ಕನೆಯ ದಿನ ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟನು. ಅಂತಹ ಆಕ್ಸಲ್‌ಗೆ ಅಂದಿನ ಪೇಟೆಯಲ್ಲಿ 18,000 ರೂಪಾಯಿ. ಅದರಲ್ಲಿ ಬದಲಿಸಬೇಕಾದ ಬೇರಿಂಗು, ಆಯಿಲ್ ಸೀಲುಗಳಿಗೆ 2,600. ಸಾಗಣೆಗೂ ಮೇಸ್ತ್ರಿಯ ಕೂಲಿಗೂ 1,900. ಬಿಚ್ಚಿ ನೋಡದೆ ಕೊಂಡ ಅಪಾಯಕ್ಕೂ ತನ್ನ ಶ್ರಮಕ್ಕೂ 3,000 ಹಿಡಿದಿದ್ದನು. ಈ ಕೊನೆಯ ಮೊತ್ತದ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ವಾದಿಸಿದೆವು. ಅಪಾಯವೇ ಇರಲಿಲ್ಲ, ನೀನು ಕಣ್ಣಾರೆ ಕಂಡಿದ್ದೆಯಲ್ಲ ಎಂದು ನಾನು; ಕಂಡದ್ದು ಜೋಡಿಸುವುದನ್ನು, ಓಡಿದ್ದನ್ನಲ್ಲ ಎಂದು ಅವನು. ಕೊನೆಗೆ ಅವನ ಲೆಕ್ಕವೇ ನಿಂತಿತು: ಉಳಿದದ್ದು 10,500, ಕೊಟ್ಟದ್ದು 4,500, ಕೊಡಬೇಕಾದದ್ದು 6,000. ಇಂದಿಗೂ ಆ ಮೂರು ಸಾವಿರ ನನಗೆ ಒಪ್ಪಿಗೆಯಾಗಿಲ್ಲ.

ಹಣವನ್ನು ಅವನೇ ಹೋಗಿ ಕೊಟ್ಟು ಕಾರಣವನ್ನೂ ಹೇಳಿದನು. ಆಕೆ ಎಣಿಸಿ ತೆಗೆದುಕೊಂಡಳಂತೆ, ಕೃತಜ್ಞತೆಯ ಮಾತನ್ನೇನೂ ಆಡಲಿಲ್ಲವಂತೆ. ಆಡಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗೇರ್‌ಬಾಕ್ಸ್ ಹೇಗಿತ್ತೆಂದು ಕೇಳಿದಳಂತೆ. ಅದು ಗುಜರಿಯೇ ಅಕ್ಕಾ ಎಂದು ತಮ್ಮನು ಹೇಳಿದನು. ಅದು ನಿಜವೂ ಆಗಿತ್ತು.